ಕಾಯ್ಲೋವರ್ ಹಾಕಿದ ಸ್ವಿಫ್ಟ್: ಗಾಡಿ ತುಂಬಿದರೆ ಹಿಂದಿನ ಟೈರ್ ಉಜ್ಜುತ್ತೆ, ಎತ್ತರ ನಾನೇ ಸೆಟ್ ಮಾಡಬಹುದಾ?

ಕೆಎ32_ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ್ರೀ. ನನ್ನದು 2014ರ ಸ್ವಿಫ್ಟ್ ಝಡ್‌ಡಿಐ, ಊರು ಕಲಬುರಗಿ. ದೀಪಾವಳಿ ಹೊತ್ತಿಗೆ ಹೈದರಾಬಾದ್‌ನ ಒಂದು ಅಂಗಡಿಯಲ್ಲಿ ಕಾಯ್ಲೋವರ್ (ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿ ಗಾಡಿ ತಗ್ಗಿಸಿದೆ. ನೋಡೋಕೆ ಗಾಡಿ ಮಸ್ತ್ ಇದೆ. ಟೈರಿಗೂ ಫೆಂಡರಿಗೂ ನಡುವೆ ಎರಡೇ ಬೆರಳು ಸಂದು. ಒಬ್ಬನೇ ಓಡಿಸಿದರೆ ಏನೂ ತೊಂದರೆಯಿಲ್ಲ.

ಮನೆಮಂದಿ ಕೂತರೆ ಕಥೆ ಬೇರೆ. ಗಾಣಗಾಪುರಕ್ಕೆ ಹೊರಟಿದ್ದೆವು. ಹಿಂದಿನ ಸೀಟಲ್ಲಿ ಅವ್ವ, ಕಾಕಾ, ಕಾಕಿ. ರಸ್ತೆ ಸ್ವಲ್ಪ ತಗ್ಗಾದ ಕಡೆಯೆಲ್ಲ ಹಿಂದಿನಿಂದ ‘ಧಡ್’ ಅಂತ ಸದ್ದು. ಎಡಗಡೆ ಟೈರ್ ಫೆಂಡರ್ ಒಳಗಿನ ಅಂಚಿಗೆ ಉಜ್ಜಿ ರಬ್ಬರ್ ವಾಸನೆ ಬಂತು. ಅದಲ್ಲದೆ ಮುಂದೆ ಎಡಗಡೆ ಬಲಗಡೆಗಿಂತ ಒಂದು ಸೆಂಟಿಮೀಟರ್ ಕೆಳಗಿದೆ. ನೆಲದಿಂದ ಫೆಂಡರ್‌ವರೆಗೆ ಟೇಪ್ ಹಿಡಿದು ನೋಡಿದೆ. ಅಂಗಡಿಯವರನ್ನು ಕೇಳಿದರೆ "ಓಡಿಸ್ತಾ ಸೆಟ್ ಆಗುತ್ತೆ" ಅಂತಾರೆ.

ಡಬ್ಬದ ಜೊತೆ ಶಾಕ್‌ನ ರಿಂಗ್ ತಿರುಗಿಸೋ ಎರಡು ಸಿ-ಸ್ಪ್ಯಾನರ್ ಕೊಟ್ಟಿದ್ದಾರೆ. ತಿರುಗಿಸಬೇಕಾದ್ದು ಮೇಲಿನ ರಿಂಗಾ, ಕೆಳಗಿನ ರಿಂಗಾ? ಯೂಟ್ಯೂಬಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಬೀದರ್38:
ಕಾಕಾನನ್ನು ಬಸ್ಸಲ್ಲಿ ಕಳಿಸಿ, ಸಮಸ್ಯೆ ಮುಗೀತು 😄

ತಮಾಷೆ ಬಿಡಿ. ಟೈರ್ ಸೈಜ್ ಏನು? ಅಲಾಯ್ ಕಂಪನಿಯದೇನಾ?

ಕೆಎ32_ಸ್ವಿಫ್ಟ್:
ಕಂಪನಿಯ 185/65 ತೆಗೆದು 195/60 ಹಾಕಿದ್ದೇನೆ, 15 ಇಂಚೇ. ಅಲಾಯ್ ಹೊರಗಿನದು, 7 ಇಂಚು ಅಗಲ.

ಎರೆಮಣ್ಣು_ಗ್ಯಾರೇಜ್:
ತಮ್ಮಾ, ಈ ಎರಡು ಬೆರಳಿನ ಲೆಕ್ಕ ಮೊದಲು ಬಿಡು. ಖಾಲಿ ಗಾಡಿ ಫೋಟೋದಲ್ಲಿ ಚೆಂದ ಕಂಡರೆ ಏನು ಬಂತು? ಐದು ಜನ ಕೂತ ಮೇಲೆ ಸಸ್ಪೆನ್ಷನ್ ಇನ್ನೂ ಎಷ್ಟು ಒತ್ತಬಲ್ಲದು, ಅದನ್ನು ನೋಡಿ ಎತ್ತರ ಇಡಬೇಕು. ನೀನು ಹೇಳೋ ‘ಧಡ್’ ಬಹುತೇಕ ಹಿಂದಿನ ಶಾಕ್ ಬಂಪ್‌ಸ್ಟಾಪ್‌ಗೆ (ಒತ್ತೋ ಓಟದ ಕೊನೆಯಲ್ಲಿರೋ ರಬ್ಬರ್ ತಡೆ) ಹೋಗಿ ಗುದ್ದೋ ಸದ್ದು.

ಇದನ್ನು ಪಕ್ಕಾ ಮಾಡಿಕೊಳ್ಳೋಕೆ ಹತ್ತು ರೂಪಾಯಿಯ ಕೆಲಸ. ವಯರ್ ಕಟ್ಟೋ ಜಿಪ್ ಟೈ ತಗೋ. ಶಾಕ್‌ನ ಹೊಳೆಯೋ ರಾಡಿಗೆ ಬಿಗಿಯಾಗಿ ಕಟ್ಟು. ಬೆರಳಲ್ಲಿ ತಳ್ಳಿದರೆ ಜಾರಬೇಕು, ತಾನಾಗಿ ಜಾರಬಾರದು. ಕೆಳಗೆ ಸೀಲ್‌ಗೆ ತಾಗಿಸಿ ಬಿಡು. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ ಬಾ. ಶಾಕ್ ಎಷ್ಟು ಒಳಗೆ ಹೋಯಿತೋ ಟೈ ಅಷ್ಟು ಮೇಲೆ ನಿಂತಿರುತ್ತೆ. ಬಂಪ್‌ಸ್ಟಾಪ್‌ನ ಬುಡಕ್ಕೆ ಹೋಗಿ ಒತ್ತಿಕೊಂಡಿದ್ದರೆ ಹಿಂದೆ ಎತ್ತಲೇಬೇಕು, ಬೇರೆ ಮಾತಿಲ್ಲ.

ನಮ್ಮ ಕಡೆ ಈ ತೊಂದರೆ ಜಾಸ್ತಿ. ಎರೆ ಮಣ್ಣಲ್ವಾ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತೆ. ಮೇಲಿನ ಡಾಂಬರು ಅಲೆ ಅಲೆ ಆಗುತ್ತೆ. ಗುಂಡಿ ಕಂಡರೆ ಬ್ರೇಕ್ ಹಾಕ್ತೀವಿ. ಅಲೆ ಕಣ್ಣಿಗೆ ಬೀಳಲ್ಲ. 80ರಲ್ಲಿ ಹೋಗ್ತಿರುವಾಗ ಇಡೀ ಗಾಡಿ ಒಮ್ಮೆಲೇ ಕೆಳಗೆ ಕೂರುತ್ತೆ. ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಎತ್ತರ 10 ಸೆಂಟಿಮೀಟರ್, ಅದೂ 3.7 ಮೀಟರ್ ಅಗಲಕ್ಕೆ ಹರಡಿ. ಹಳ್ಳಿ ಮುಂದೆ ಜನರೇ ಸಿಮೆಂಟ್ ಸುರಿದು ಎಬ್ಬಿಸಿದ್ದಕ್ಕೆ ಯಾವ ಅಳತೆ? ಕಂಪನಿ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸೇ 170 ಮಿ.ಮೀ. ಅದರಲ್ಲಿ 50 ಕಳೆದುಕೊಂಡು ಇಲ್ಲಿ ಸಂಸಾರ ಮಾಡೋಕಾಗಲ್ಲ.

ಈಗ ರಿಂಗ್ ವಿಷಯ. ಮುಂದಿನ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇರೋ ಭಾಗ) ಮೂರು ರಿಂಗ್ ಇದೆಯಾ ನೋಡು. ಇದ್ದರೆ ಮೇಲಿನ ಎರಡು ಸ್ಪ್ರಿಂಗ್‌ನವು, ಕೆಳಗಿನದು ಬ್ರಾಕೆಟ್ಟಿನ (ಶಾಕ್‌ನ ಮೈ ಕೂರೋ ಕೆಳಗಿನ ಹಿಡಿಕೆ) ಲಾಕ್. ಮೇಲಿನವನ್ನು ಮುಟ್ಟಬೇಡ. ಅವನ್ನು ಇಳಿಸಿದರೂ ಗಾಡಿ ಇಳಿಯುತ್ತೆ, ಆದರೆ ಶಾಕ್‌ನ ರಾಡೂ ಅಷ್ಟೇ ಒಳಗೆ ಹೋಗಿ ಕೂರುತ್ತೆ. ಒತ್ತೋಕೆ ಜಾಗ ಉಳಿಯಲ್ಲ. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ಸಡಿಲಾಗಿ ಕಟಕಟ ಅನ್ನುತ್ತೆ. ಕೆಳಗಿನ ಲಾಕ್ ಬಿಚ್ಚಿ ಶಾಕ್‌ನ ಮೈಯನ್ನು ಬ್ರಾಕೆಟ್ಟಿನಲ್ಲಿ ತಿರುಗಿಸಿದರೆ ಪೂರ್ತಿ ಉದ್ದವೇ ಬದಲಾಗುತ್ತೆ, ರಾಡಿನ ಓಟ ಹಾಗೇ ಇರುತ್ತೆ. ಎರಡೇ ರಿಂಗ್ ಇರೋ ಸೆಟ್ ಆದರೆ ಸ್ಪ್ರಿಂಗ್ ರಿಂಗಿನಿಂದಲೇ ಎತ್ತರ, ಬೇರೆ ದಾರಿಯಿಲ್ಲ.

ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸು, ಬರೀ ಜ್ಯಾಕ್ ನಂಬಬೇಡ. ಒಂದೇ ಕಡೆ ಎತ್ತಿದರೆ ಎಡ ಬಲ ಚಕ್ರ ಜೋಡಿಸೋ ಆ್ಯಂಟಿ-ರೋಲ್ ಬಾರ್ ಎಳೆಯುತ್ತೆ, ಕೈಗೆ ಏನೂ ಸಿಗಲ್ಲ. ತಿರುಗಿಸೋ ಮೊದಲು ಥ್ರೆಡ್ ತೊಳಿ. ಹಳೇ ಹಲ್ಲುಜ್ಜೋ ಬ್ರಷ್, ಸೋಪು ನೀರು ಸಾಕು. ಧೂಳು ಕೂತ ಥ್ರೆಡ್ ಮೇಲೆ ರಿಂಗ್ ಒತ್ತಾಯದಿಂದ ತಿರುಗಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ರಿಂಗ್ ಅಲ್ಯೂಮಿನಿಯಂ, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯೋ ಮಂದಿ ಇದ್ದಾರೆ, ಹಲ್ಲು ಹಾರಿಹೋಗುತ್ತೆ. ಮುಗಿದ ಮೇಲೆ ಗ್ರೀಸ್ ಬಳಿಯಬೇಡ, ಧೂಳು ಹಿಡಿಯುತ್ತೆ. ಬ್ರಾಕೆಟ್ ಒಳಗೆ ಕನಿಷ್ಠ ಎಷ್ಟು ಥ್ರೆಡ್ ಇರಬೇಕು ಅಂತ ಡಬ್ಬದ ಚೀಟಿಯಲ್ಲಿ ಇರುತ್ತೆ. ಅದನ್ನು ಮೀರಿ ಎತ್ತಬೇಡ.

ಹಿಂದೆ ಸ್ವಿಫ್ಟ್‌ಗೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಕೆಳಗೋ ಮೇಲೋ ಅಡ್ಜಸ್ಟರ್ ಇರುತ್ತೆ. ಅಲ್ಲಿ 10 ಮಿ.ಮೀ. ತಿರುಗಿಸಿದರೆ ಚಕ್ರದ ಹತ್ತಿರ ಅದಕ್ಕಿಂತ ಜಾಸ್ತಿ ಬದಲಾಗುತ್ತೆ. ಸ್ಪ್ರಿಂಗ್ ಕೂತಿರೋದು ಚಕ್ರಕ್ಕಿಂತ ಮುಂದೆ, ಹಿಂದಿನ ಎರಡು ಚಕ್ರ ಜೋಡಿಸೋ ಬೀಮಿನ ಕೀಲಿನ ಕಡೆಗೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಎತ್ತು.

ಅಳತೆ ನೆಲದಿಂದ ತಗೋಬೇಡ. ಚಕ್ರದ ನಡುವಿನಿಂದ ನೇರ ಮೇಲಕ್ಕೆ ಫೆಂಡರ್ ಅಂಚಿಗೆ ತಗೋ. ಪ್ರತಿ ಸಲ ಕೆಳಗಿಳಿಸಿದ ಮೇಲೆ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಆಮೇಲೆ ಟೇಪ್ ಹಿಡಿ.

ಕೆಎ32_ಸ್ವಿಫ್ಟ್:
ಅಣ್ಣಾ, ಭಾನುವಾರ ಮಾಡಿದೆ. ಮನೆಯ ಪೋರ್ಚ್‌ಗೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಮಟ್ಟವಾಗಿದೆ ಅಂದುಕೊಂಡಿದ್ದೆವು, ನೀರು ಸುರಿದು ನೋಡಿದರೆ ಎಡಕ್ಕೆ ಹರೀತು. ಎಡಗಡೆ ಮುಂದಿನ ಟೈರಲ್ಲಿ ಗಾಳಿಯೂ 24 ಇತ್ತು, ಬಲಗಡೆ 33. ಗಾಳಿ ಸರಿಮಾಡಿ ಚಕ್ರದ ನಡುವಿನಿಂದ ಅಳೆದರೆ ಒಂದು ಸೆಂಟಿಮೀಟರ್ ಹೋಗಿ 4 ಮಿ.ಮೀ. ಉಳೀತು.

ಜಿಪ್ ಟೈ ನೀವು ಹೇಳಿದ ಹಾಗೇ ಬಂಪ್‌ಸ್ಟಾಪ್‌ಗೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಹಿಂದೆ ಎರಡೂ ಕಡೆ ಅಡ್ಜಸ್ಟರ್ 10 ಎತ್ತಿದೆ, ಅಳತೆಯಲ್ಲಿ 13 ಬಂತು. ಕಾಕಾನ ಜೊತೆ ಅದೇ ರಸ್ತೆಗೆ ಹೋಗಿ ಬಂದೆ. ‘ಧಡ್’ ಇಲ್ಲ. ಉಜ್ಜೋದು ಪೂರ್ತಿ ಹೋಗಿಲ್ಲ, ತಿರುವಿನಲ್ಲಿ ಒಮ್ಮೆ ಕೇಳಿಸಿತು. ಮುಂದೆ ಮೂರು ರಿಂಗ್ ಇದೆ. ಆ 4 ಮಿ.ಮೀ. ಸರಿ ಮಾಡಲಾ?

ಎರೆಮಣ್ಣು_ಗ್ಯಾರೇಜ್:
ಬಿಡು. ನಾಲ್ಕು ಕಾಲಿನ ಮಂಚ ಇದು. ಒಂದು ಕಾಲು ಎತ್ತಿದರೆ ಭಾರ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಹೋಗುತ್ತೆ, ಉಳಿದ ಎರಡು ಹಗುರಾಗುತ್ತವೆ. 4 ಮಿ.ಮೀ. ಬೆನ್ನು ಹತ್ತಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯೋ ಹಾಗೆ ಮಾಡ್ಕೋಬೇಡ. ಎಡ ಬಲ ಎರಡರಲ್ಲೂ ಒಂದೇ ಸಮ ಥ್ರೆಡ್ ಕಾಣ್ತಿದೆಯಾ ಅಂತ ನೋಡಿದರೆ ಸಾಕು.

ಮುಂದೆ ಎರಡೂ ಕಡೆ ಸಮನಾಗಿ 8–10 ಮಿ.ಮೀ. ಎತ್ತು. ಈಗ ಹಿಂದೆ ಮಾತ್ರ ಎತ್ತಿರೋದರಿಂದ ಮೂತಿ ತಗ್ಗಿ ಹೋಗಿದೆ, ಡೀಸೆಲ್ ಎಂಜಿನ್ ಭಾರ ಬೇರೆ.

ಆಮೇಲೆ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿಯೋ ಕೆಳಗಿನ ತೋಳು) ಬುಷ್ ಬೋಲ್ಟ್‌ಗಳು. ಇದನ್ನು ಮುಕ್ಕಾಲು ಅಂಗಡಿಯವರು ಮಾಡೋದೇ ಇಲ್ಲ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಬುಷ್‌ನ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತೆ, ಗಾಡಿ ಕೆಳಗಿಳಿದಾಗ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಸಡಿಲ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡು. ಸರ್ವಿಸ್ ರ್‍ಯಾಂಪ್ ಇರೋ ಕಡೆ ಮಾಡಿಸು, ಮನೆಯಲ್ಲಿ ಕೆಳಗೆ ತೂರಬೇಡ.

ಇಷ್ಟೆಲ್ಲ ಆಗಿ ಒಂದು ವಾರ ಓಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ (ಮೇಲಿಂದ ನೋಡಿದರೆ ಚಕ್ರ ಒಳಗೆ ಹೊರಗೆ ತಿರುಗಿರೋದು), ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರೋದು) ಎರಡೂ ಬದಲಾಗುತ್ತೆ. ಟೋ ತಪ್ಪಿದ್ದರೆ ಟೈರ್ ತಿಂದುಹಾಕುತ್ತೆ. ಹೆಡ್‌ಲೈಟೂ ನೋಡ್ಕೋ, ಹಿಂದೆ ಎತ್ತಿದರೆ ಬೆಳಕು ನೆಲಕ್ಕೆ ಬೀಳುತ್ತೆ.

ತಿರುವಿನಲ್ಲಿ ಉಜ್ಜೋದು ಎತ್ತರದಿಂದ ಹೋಗಲ್ಲ. ಅದು ನಿನ್ನ 7 ಇಂಚಿನ ಅಲಾಯ್ ಹೊರಗೆ ಚಾಚಿರೋದಕ್ಕೆ. ಫೆಂಡರ್ ಅಂಚು ಒಳಗೆ ಮಡಿಸಬೇಕು, ಇಲ್ಲಾ ಹಳೇ ಅಲಾಯ್ ಹಾಕು. ನನ್ನ ಕೇಳಿದರೆ ಹಳೇದೇ.

ಬೀದರ್38:
ಅಂಚು ಮಡಿಸೋದಾದರೆ ಹೀಟ್ ಗನ್‌ನಲ್ಲಿ ಪೇಂಟ್ ಬಿಸಿ ಮಾಡಿ ನಿಧಾನಕ್ಕೆ ಮಡಿಸಲಿ. ಇಲ್ಲಾಂದ್ರೆ ಪೇಂಟ್ ಸಿಡಿದು ಮಳೆಗಾಲದಲ್ಲಿ ತುಕ್ಕು. ಇನ್ನೊಂದು, ಇನ್ಶೂರೆನ್ಸ್ ರಿನ್ಯೂವಲ್ ಹೊತ್ತಿಗೆ ಕಾಯ್ಲೋವರ್, ಅಲಾಯ್ ಎರಡನ್ನೂ ಕಂಪನಿಗೆ ಬರೆದು ತಿಳಿಸಿ. ಬಾಯಿಮಾತಲ್ಲಿ ಏಜೆಂಟ್‌ಗೆ ಹೇಳಿದರೆ ಕ್ಲೇಮ್ ಹೊತ್ತಿಗೆ ಅವನಿಗೆ ನೆನಪಿರಲ್ಲ.

ಕೆಎ32_ಸ್ವಿಫ್ಟ್:
ಅಲಾಯ್ ಹಳೇದು ಅಟ್ಟದ ಮೇಲಿದೆ, ಟೈರ್ ಸಮೇತ. ಮೊದಲು ಅದನ್ನೇ ಹಾಕಿ ನೋಡ್ತೀನಿ. ಅಣ್ಣಾ, ಈ 7 ಇಂಚಿನವು ಯಾರಿಗಾದರೂ ಬೇಕಿದ್ದರೆ ಹೇಳಿ, ಕಲಬುರಗಿಗೆ ಬಂದು ನೋಡಿ ತಗೊಂಡು ಹೋಗಲಿ.