ಸಹಾಯ ಬೇಕು: ಲೆಡ್ ಅಯೋಡೈಡ್ ತೂಕ ಅರ್ಧ ಆಗುವುದು ಯಾಕೆ?

ಕೆಮಿಸ್ಟ್ರಿ ಗೊತ್ತಿರುವವರು ಸ್ವಲ್ಪ ನೋಡಿ ಮಾರಾಯ್ರೆ. ಮಗಳು ಇಲ್ಲೇ ಉಡುಪಿಯಲ್ಲಿ ಫಸ್ಟ್ ಪಿಯುಸಿ. ನಾಡಿದ್ದು ಟೆಸ್ಟ್ ಉಂಟು. ನಾನು ಕಾಮರ್ಸ್ ಓದಿದವಳು.

ಲೆಕ್ಕ ಇದು: 0.1 ಮೋಲಾರ್ (ಅಂದರೆ ಲೀಟರಿಗೆ 0.1 ಮೋಲ್; ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ) ಲೆಡ್ ನೈಟ್ರೇಟ್ 100 ಎಂಎಲ್, 0.1 ಮೋಲಾರ್ ಪೊಟ್ಯಾಸಿಯಂ ಅಯೋಡೈಡ್ 100 ಎಂಎಲ್. ಬೆರೆಸಿದರೆ ಎಷ್ಟು ಗ್ರಾಂ ಲೆಡ್ ಅಯೋಡೈಡ್ ತಳಕ್ಕೆ ಕೂರುತ್ತದೆ? (ಲ್ಯಾಬಿನಲ್ಲಿ ನೋಡಿದ್ದಾಳಂತೆ. ಬಣ್ಣವೇ ಇಲ್ಲದ ಎರಡು ದ್ರಾವಣ ಸೇರಿದ ಕೂಡಲೇ ಅರಿಶಿನ ಕಲಸಿದ ಹಾಗೆ ಹಳದಿ.)

ಎರಡೂ 0.01 ಮೋಲ್. ಲೆಡ್ ಅಯೋಡೈಡಿನ ಮೋಲಾರ್ ಮಾಸ್ (ಒಂದು ಮೋಲ್‌ನ ತೂಕ) 461 ಗ್ರಾಂ. ಗುಣಿಸಿದರೆ 4.61 ಗ್ರಾಂ. ಪುಸ್ತಕದ ಹಿಂದಿನ ಉತ್ತರ 2.305. ಸರಿಯಾಗಿ ಅರ್ಧ!

ಈ ಅರ್ಧದ್ದೇ ತಲೆಬಿಸಿ. ಒಂದು ಲೆಡ್‌ಗೆ ಎರಡು ಅಯೋಡೈಡ್ ಬೇಕು, ಹಾಗಾಗಿ ಅಯೋಡೈಡ್ ಮೊದಲು ಖಾಲಿಯಾಗುತ್ತದೆ ಅಂತಾಳೆ ಮಗಳು. ಪಕ್ಕದ ಮನೆಯ ಹುಡುಗ ಬೇರೆ ಹೇಳ್ತಾನೆ: ಬೆರೆಸಿದ ಮೇಲೆ ಒಟ್ಟು 200 ಎಂಎಲ್, ಸಾಂದ್ರತೆ 0.05ಕ್ಕೆ ಇಳಿಯಿತು, ಅದಕ್ಕೇ ಅರ್ಧ. ಇಬ್ಬರ ದಾರಿಯಲ್ಲೂ 2.305 ಬರುತ್ತದೆ, ಕಷ್ಟ ಇರುವುದೇ ಅಲ್ಲಿ. ಉತ್ತರ ನೋಡಿ ತೀರ್ಮಾನ ಮಾಡುವ ಹಾಗಿಲ್ಲ ಅಲ್ವಾ?

ಯಾರ ಕಾರಣ ಸರಿ? ಬೆರೆಸಿದಾಗ ಸಾಂದ್ರತೆ ಇಳಿದರೂ ಮೋಲ್ ಅಷ್ಟೇ ಇರುತ್ತದಾ? ಅಯೋಡೈಡ್ ಮಾತ್ರ 200 ಎಂಎಲ್ ಹಾಕಿದರೆ ಉತ್ತರ 4.61 ಆಗಬೇಕಾ?