ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ: ಶಕ್ಶೂಕ ಮಾಡುವವರ ಅನುಭವಗಳು

ಪ್ರಶ್ನೆ: ಟುನೀಸಿಯಾ, ಲಿಬಿಯಾ ಕಡೆಯ ಶಕ್ಶೂಕವನ್ನು ಮನೆಯಲ್ಲಿ ಮಾಡಿದಾಗಲೆಲ್ಲ ಗೊಜ್ಜು ನೀರಾಗುತ್ತದೆ, ಬಿಳಿಭಾಗ ಬೇಯುವಷ್ಟರಲ್ಲಿ ಹಳದಿ ಗಟ್ಟಿಯಾಗಿರುತ್ತದೆ. ಮಾಡಿ ಅಭ್ಯಾಸವಿರುವವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ನೀವು ಹೇಳಿದ ಎರಡು ತೊಂದರೆಗಳಿಗೂ ಮೂಲ ಒಂದೇ ಎಂದು ನನ್ನ ಅಭಿಪ್ರಾಯ. ಗೊಜ್ಜು ಗಟ್ಟಿಯಾಗುವ ಮೊದಲೇ ಮೊಟ್ಟೆ ಒಡೆದು ಹಾಕಿದರೆ ಬಿಳಿಭಾಗ ನೀರಿನಲ್ಲಿ ಹರಡಿಹೋಗುತ್ತದೆ, ಹಳದಿ ತಳಕ್ಕಿಳಿದು ಬಾಣಲೆಯ ನೇರ ಬಿಸಿಗೆ ಸಿಗುತ್ತದೆ. ಹಳದಿ 65ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಬಿಳಿಭಾಗವಾದರೋ 62 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗಿದರೂ ಪೂರ್ತಿ ಬಿಗಿಯಾಗಲು 80ರವರೆಗಿನ ಬಿಸಿ ಬೇಕು. ಆದ್ದರಿಂದ ಬಿಳಿಭಾಗಕ್ಕೆ ಬಿಸಿ ಹೆಚ್ಚು ತಾಗುವಂತೆಯೂ ಹಳದಿ ಮೇಲೆಯೇ ಉಳಿಯುವಂತೆಯೂ ನೋಡಿಕೊಳ್ಳಬೇಕು.

ನಾಲ್ಕು ಮೊಟ್ಟೆಗೆ ನಾನು ಸುಮಾರು 600 ಗ್ರಾಂ ಟೊಮೆಟೊ, ಎರಡು ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಐದಾರು ಎಸಳು ಬೆಳ್ಳುಳ್ಳಿ ತೆಗೆದುಕೊಳ್ಳುತ್ತೇನೆ. ಎಣ್ಣೆಯಲ್ಲಿ ಈರುಳ್ಳಿ ಮತ್ತು ದೊಣ್ಣೆ ಮೆಣಸಿನಕಾಯಿ ಚೆನ್ನಾಗಿ ಮೆತ್ತಗಾದ ಮೇಲೆ ಬೆಳ್ಳುಳ್ಳಿ, ಜೀರಿಗೆ ಪುಡಿ, ಖಾರದ ಪುಡಿ ಹಾಕಿ, ಪರಿಮಳ ಬಂದ ಕೂಡಲೇ ಟೊಮೆಟೊ ಸೇರಿಸಿ, ಮುಚ್ಚಳವಿಲ್ಲದೆ ಬೇಯಿಸುತ್ತೇನೆ. ಅಂಚಿನಲ್ಲಿ ಎಣ್ಣೆ ಬಿಡಬೇಕು. ಸೌಟಿನಿಂದ ನಡುವೆ ಗೆರೆ ಎಳೆದರೆ ತಳ ಕಾಣಬೇಕು, ಗೊಜ್ಜು ತಕ್ಷಣ ಕೂಡಿಕೊಳ್ಳಬಾರದು. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಆಮೇಲೆ ಉರಿ ಸಣ್ಣದು ಮಾಡಿ, ಗುಳಿ ತೋಡಿ, ಬಟ್ಟಲಿನಲ್ಲಿ ಒಡೆದಿಟ್ಟ ಮೊಟ್ಟೆಯನ್ನು ಒಂದೊಂದಾಗಿ ಜಾರಿಸಿ. ಚಮಚದ ತುದಿಯಿಂದ ಬಿಳಿಭಾಗವನ್ನಷ್ಟೇ ಗೊಜ್ಜಿನೊಳಗೆ ಸ್ವಲ್ಪ ಎಳೆದು ಮುಚ್ಚಳ ಮುಚ್ಚಿ. ಐದಾರು ನಿಮಿಷ ಸಾಕಾಗುತ್ತದೆ, ಆದರೆ ಗಡಿಯಾರಕ್ಕಿಂತ ಕಣ್ಣನ್ನೇ ನಂಬಿ. ಹಳೆಯ ಮೊಟ್ಟೆಯ ಬಿಳಿಭಾಗ ತೆಳುವಾಗಿ ಹರಿಯುವುದರಿಂದ ಹೊಸ ಮೊಟ್ಟೆಯೇ ಉತ್ತಮ.

ಎರಡನೆಯ ಉತ್ತರ: ಮೇಲಿನ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ, ಟೊಮೆಟೊ ಆಯ್ಕೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ನಾಟಿ ಟೊಮೆಟೊದಲ್ಲಿ ರಸವೂ ಹುಳಿಯೂ ಹೆಚ್ಚಾಗಿರುವುದರಿಂದ ಅದು ಸಾರಿಗೆ ಸೊಗಸು, ಇಲ್ಲಿಗೆ ತಿರುಳು ದಪ್ಪವಾದ ಹೈಬ್ರಿಡ್ ಹಣ್ಣು ಬೇಗ ಹದಕ್ಕೆ ಬರುತ್ತದೆ. ಟುನೀಸಿಯಾದಲ್ಲಿ ಖಾರಕ್ಕೆ ಹರೀಸಾ ಬಳಸುತ್ತಾರೆ. ಅದು ಒಣ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮಸಾಲೆ, ಎಣ್ಣೆ ಸೇರಿಸಿ ಅರೆದ ಚಟ್ನಿ. ನಮ್ಮಲ್ಲಿ ಅದರ ಜಾಗಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ಬೆಳ್ಳುಳ್ಳಿಯೊಂದಿಗೆ ಅರೆದು ಹಾಕಿದರೆ ಗಾಢ ಬಣ್ಣ ಬರುತ್ತದೆ, ಖಾರ ಮಿತಿ ಮೀರುವುದಿಲ್ಲ. ಗರಂ ಮಸಾಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಲವಂಗ, ಚಕ್ಕೆಯ ವಾಸನೆ ಟೊಮೆಟೊವನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಮೂರನೆಯ ಉತ್ತರ: ಕಬ್ಬಿಣದ ಬಾಣಲೆ ಸರಿಯಾಗಿ ಪಳಗಿಲ್ಲದಿದ್ದರೆ ಟೊಮೆಟೊದ ಹುಳಿಗೆ ಲೋಹದ ರುಚಿ ಬಿಡುತ್ತದೆ, ಹಾಗಾಗಿ ತಳ ದಪ್ಪವಿರುವ ಸ್ಟೀಲ್ ಪಾತ್ರೆ ಒಳ್ಳೆಯದು. ದಪ್ಪ ತಳ ಬಿಸಿಯನ್ನು ಹಿಡಿದಿಡುವುದರಿಂದ, ಬಿಳಿಭಾಗ ಇನ್ನೇನು ಬೆಂದಿತು ಎನ್ನುವಾಗಲೇ ಒಲೆ ಆರಿಸಿರಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಊಟಕ್ಕಿದ್ದರೆ ಅವರ ಮೊಟ್ಟೆಯ ಹಳದಿಯನ್ನೂ ಪೂರ್ತಿ ಬೇಯಿಸಲೇಬೇಕು. ಗೊಜ್ಜನ್ನು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಬಹುದು; ಮೊಟ್ಟೆಯನ್ನು ಮಾತ್ರ, ಗೊಜ್ಜು ಮತ್ತೆ ಕುದಿ ಬಂದ ಮೇಲೆ, ತಿನ್ನುವವರು ಕುಳಿತಾಗಲೇ ಒಡೆಯಿರಿ.