ರಾಕೆಟ್ ಮೋಟಾರ್ ಸೂಟ್‌ಕೇಸಿನಲ್ಲಿ ತರುವ ವಸ್ತುವಲ್ಲ

ನಮ್ಮ ‘ಚಾಮರಾಜಪೇಟೆ ಮನೆ’ ಗುಂಪಿಗೆ ಶನಿವಾರ ಬೆಳಗ್ಗೆ ರಮೇಶ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ಮಾದರಿ ರಾಕೆಟ್‌ಗೆ ಹಾಕುವ ಮೋಟಾರ್, ಅಂದರೆ ಉರಿದು ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಇಂಧನದ ಕೊಳವೆ, ಯಾವ ಕಂಪನಿಯದು ಅಗ್ಗ ಎಂಬ ಪಟ್ಟಿ ಅದು. ಕೊನೆಯಲ್ಲಿ ಒಂದು ಸಲಹೆ: ‘ಅಮೆರಿಕದಿಂದ ಬರುವವರ ಕೈಲಿ ತರಿಸಿಕೊಳ್ಳಿ. ಬ್ಯಾಟರಿ ಇಲ್ಲದ್ದರಿಂದ ವಿಮಾನದಲ್ಲಿ ತೊಂದರೆ ಇಲ್ಲ.’

ರಮೇಶ ಚಿಕ್ಕಪ್ಪ: ಪ್ರಶಾಂತ, ಡಿಸೆಂಬರ್‌ನಲ್ಲಿ ಬರುವಾಗ ನಮ್ಮ ಆದಿಗೆ ಒಂದು ಪ್ಯಾಕ್ ಹಾಕಿಕೊಂಡು ಬಾರಪ್ಪ.

ಆದಿ: ತಾತ ಥ್ಯಾಂಕ್ಸ್! ಪಟ್ಟಿಯಲ್ಲಿ ಸಿ6-3, ಸಿ6-5 ಅಂತ ಎರಡಿದೆ. ನನ್ನ ರಾಕೆಟ್‌ಗೆ ಯಾವುದು?

ಒಂಬತ್ತನೇ ಕ್ಲಾಸಿನ ಹುಡುಗ ಸರಿಯಾದ ಪ್ರಶ್ನೆ ಕೇಳಿದ್ದ. ಯಾರೂ ಉತ್ತರಿಸಲಿಲ್ಲ.

ಪದ್ಮ ಅತ್ತೆ: ನನ್ನ ಮಗಳಿಗೆ ಲ್ಯಾಪ್‌ಟಾಪ್ ತರಲು ಹೇಳಿದಾಗ ಜಾಗ ಇಲ್ಲ ಅಂದಿದ್ದೆ ಪ್ರಶಾಂತ. ರಾಕೆಟ್‌ಗೆ ಜಾಗ ಇದೆಯಾ?

ಪ್ರಶಾಂತ: ಅತ್ತೆ, ನಾನಿನ್ನೂ ಹೂಂ ಅಂದೇ ಇಲ್ಲ.

ಶ್ರೀಧರ ಅಣ್ಣ: ಈ ಪಟ್ಟಿ ಮಾಡಿದವರು ಯಾರು ಚಿಕ್ಕಪ್ಪ? ಮೂಲ ಹಾಕಿ.

ರಮೇಶ ಚಿಕ್ಕಪ್ಪ: ಎಲ್ಲದಕ್ಕೂ ಮೂಲ ಕೇಳುತ್ತೀಯ. ಬಿಪಿ ಕಷಾಯಕ್ಕೂ ಕೇಳಿದ್ದೆ.

ಶ್ರೀಧರ ಅಣ್ಣ: ಅದನ್ನೂ ನೀವು ಕೊಡಲಿಲ್ಲ.

ದೊಡ್ಡಪ್ಪ: ಮಕ್ಕಳ ಕೈಗೆ ಸಿಡಿಮದ್ದು ಕೊಡುವ ಕಾಲ ಬಂತು. 2023ರಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಏನಾಯಿತು ಅಂತ ಇಷ್ಟು ಬೇಗ ಮರೆತುಬಿಟ್ಟಿರಾ? ಹಿರಿಯರೇ ಹೀಗೆ ಮಾಡಿದರೆ ಮಕ್ಕಳಿಗೆ ಬುದ್ಧಿ ಹೇಳುವವರು ಯಾರು?

ದೊಡ್ಡಪ್ಪನ ಭಯ ನಿಜವಾದದ್ದು. ಆದರೆ ಅವರ ಮಾತು ಸಾಮಾನಿನ ಬಗ್ಗೆ ಇರಲಿಲ್ಲ, ತಮ್ಮನ ಬಗ್ಗೆ ಇತ್ತು. ಚಿಕ್ಕಪ್ಪನಿಗೂ ಅದು ಹಾಗೇ ಕೇಳಿಸಿತು.

ರಮೇಶ ಚಿಕ್ಕಪ್ಪ: ನಾನು ಏನು ಹಾಕಿದರೂ ನಿನಗೆ ತಪ್ಪೇ ಅಣ್ಣ.

ಮಂಜು: ರಾಕೆಟ್ ನಮ್ಮೂರಿಗೆ ಹೊಸದಾ ದೊಡ್ಡಪ್ಪ? ಮಾರ್ಕೆಟ್ ಹತ್ತಿರ ತಾರಾಮಂಡಲಪೇಟೆ ಅಂತಲೇ ಇದೆ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಕೋಟೆಯ ಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದ್ದು ಸಾವಿರಕ್ಕೂ ಜಾಸ್ತಿ ಸಿಕ್ಕವು. ಆಮೇಲೆ ನಮ್ಮ ದೀಪಾವಳಿ! ಗೋಲಿ ಸೋಡಾ ಬಾಟಲಿಯಲ್ಲಿಟ್ಟ ರಾಕೆಟ್ ಎದುರು ಮನೆ ಮಹಡಿಗೆ ಹೋಗಿತ್ತಲ್ಲ, ನೆನಪಿದೆಯಾ?

ಪದ್ಮ ಅತ್ತೆ: ಅವರ ರೇಷ್ಮೆ ಸೀರೆ ಸುಟ್ಟಿತ್ತು. ದುಡ್ಡು ಕೊಟ್ಟವರು ನಮ್ಮ ಯಜಮಾನರು.

ದೊಡ್ಡಪ್ಪ: ಹಚ್ಚಿದ್ದು ರಮೇಶ.

ರಮೇಶ ಚಿಕ್ಕಪ್ಪ: ಬಾಟಲಿ ವಾಲಿಸಿ ಇಟ್ಟವರು ಯಾರು ಅಂತಲೂ ಹೇಳು.

ಸೀರೆಯ ಬಣ್ಣ ಹಸಿರಾ ನೇರಳೆಯಾ ಎಂಬಲ್ಲಿಗೆ ಮಾತು ಹೋಯಿತು. ಅಷ್ಟರಲ್ಲಿ ಪ್ರಶಾಂತ ‘ಸಣ್ಣ ಪ್ಯಾಕ್ ತಾನೇ, ನೋಡೋಣ’ ಎಂದು ಬರೆದ. ಅದನ್ನು ನೋಡಿ ನನಗೆ ಎದೆ ಧಸಕ್ಕೆಂದಿತು. ಉದ್ದ ಆದರೂ ಪರವಾಗಿಲ್ಲ ಎಂದು ಬರೆಯಲು ಕೂತೆ.

ನಾನು: ಪ್ರಶಾಂತ, ದಯವಿಟ್ಟು ತರಬೇಡ. ಪ್ರಶ್ನೆ ಬ್ಯಾಟರಿಯದಲ್ಲ. ಒಳಗಿರುವುದು ಮದ್ದು. ಪ್ರಯಾಣಿಕರ ಲಗೇಜಿನಲ್ಲಿ ರಾಕೆಟ್ ಮೋಟಾರ್ ಪೂರ್ತಿ ನಿಷೇಧ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲೂ ಇಲ್ಲ. ಇಲ್ಲಿ 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳಿವೆ. ಸ್ಫೋಟಕ ಆಮದಿಗೆ ಲೈಸೆನ್ಸ್ ಬೇಕು. ಸಿಕ್ಕಿಬೀಳುವುದು ಫಾರ್ವರ್ಡ್ ಬರೆದವರಲ್ಲ, ನೀನು.

ಆದಿ, ಈಗ ನಿನ್ನ ಪ್ರಶ್ನೆ. ಸಿ6-3ರ ಮೊದಲ ಅಕ್ಷರ ಹೇಳುವುದು ಬಲ ಮತ್ತು ಸಮಯ ಸೇರಿದ ಒಟ್ಟು ಲೆಕ್ಕ. ಬಿ ಅಂದರೆ 2.51ರಿಂದ 5 ನ್ಯೂಟನ್-ಸೆಕೆಂಡ್, ಸಿ ಅಂದರೆ 5.01ರಿಂದ 10, ಡಿ ಅಂದರೆ 20ರವರೆಗೆ. ಮೇಲಿನ ಮಿತಿ ಪ್ರತಿ ಅಕ್ಷರಕ್ಕೂ ದುಪ್ಪಟ್ಟು. ನಂತರದ 6 ಸರಾಸರಿ ಬಲ, ನ್ಯೂಟನ್‌ನಲ್ಲಿ. ಕೊನೆಯ 3 ಅಥವಾ 5 ಅಂದರೆ, ಇಂಧನ ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡಿಗೆ ಪ್ಯಾರಾಚೂಟ್ ಹೊರಗೆ ತಳ್ಳುವ ಮದ್ದು ಹೊತ್ತಿಕೊಳ್ಳುತ್ತದೆ ಎಂದು. ಭಾರದ ರಾಕೆಟ್ ಬೇಗ ನಿಧಾನವಾಗುತ್ತದೆ, ಅದಕ್ಕೆ 3. ಹಗುರದ್ದು ಇನ್ನೂ ಮೇಲೆ ಹೋಗುತ್ತಲೇ ಇರುತ್ತದೆ, ಅದಕ್ಕೆ 5. ತಪ್ಪಾಗಿ ಆರಿಸಿದರೆ ರಾಕೆಟ್ ಮೂತಿ ಕೆಳಗಾಗಿ ಬೀಳುವಾಗ ಪ್ಯಾರಾಚೂಟ್ ಬಿಚ್ಚಿಕೊಂಡು ಹರಿದುಹೋಗಬಹುದು.

ಶ್ರೀಧರ ಅಣ್ಣ: ಹಾಗಾದರೆ ಪಟ್ಟಿಯಲ್ಲಿರುವ ಬೆಲೆ?

ಆತ ಮೊದಲ ಸಲ ಸಾಮಾನಿನ ಬಗ್ಗೆ ಕೇಳಿದ್ದ. ನನಗೆ ಖುಷಿಯಾಯಿತು.

ನಾನು: ಪಟ್ಟಿ ಹೋಲಿಸಿದ್ದೇ ತಪ್ಪು ಅಣ್ಣ. ಅಮೆರಿಕದ ಎಸ್ಟೆಸ್, ಜರ್ಮನಿಯ ಕ್ಲೀಮಾ ಎರಡೂ ಕಂಪನಿಗಳ ಸಿ6 ಕರಿಮದ್ದಿನದು. ಅವನ್ನು ಪಕ್ಕಪಕ್ಕ ಇಡಬಹುದು. ಕ್ವೆಸ್ಟ್‌ನ ಕ್ಯೂ-ಜೆಟ್, ಏರೋಟೆಕ್ ಇವು ಅಮೋನಿಯಂ ಪರ್‌ಕ್ಲೋರೇಟ್‌ನ ಕಾಂಪೋಸಿಟ್ ಇಂಧನದವು, ಅಂದರೆ ಆ ರಾಸಾಯನಿಕವನ್ನು ರಬ್ಬರಿನಂಥ ಅಂಟಿನಲ್ಲಿ ಬೆರೆಸಿ ಮಾಡಿದವು. ಅಷ್ಟೇ ತೂಕದ ಇಂಧನಕ್ಕೆ ಕರಿಮದ್ದಿಗಿಂತ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತವೆ. ಏರೋಟೆಕ್, ಕೆನಡಾದ ಸೆಸರೋನಿ ಇವರಲ್ಲಿ ಅಲ್ಯುಮಿನಿಯಂ ಕೊಳವೆ ಒಮ್ಮೆ ಕೊಂಡು ಒಳಗಿನ ಇಂಧನ ಮಾತ್ರ ಬದಲಿಸುವ ಮೋಟಾರ್‌ಗಳೂ ಇವೆ. ಪಟ್ಟಿಯಲ್ಲಿ ಆ ಇಂಧನದ ಬೆಲೆ ಇದೆ, ಕೊಳವೆಯ ಬೆಲೆ ಇಲ್ಲ. ಒಂದು ಕಡೆ 24ರ ಪ್ಯಾಕ್, ಇನ್ನೊಂದು ಕಡೆ ಎರಡರ ಪ್ಯಾಕ್. ಒಂದು ಮೋಟಾರಿನ ಬೆಲೆಯನ್ನು ಅದರ ನ್ಯೂಟನ್-ಸೆಕೆಂಡಿನಿಂದ ಭಾಗಿಸಿದರೆ ಮಾತ್ರ ಅಗ್ಗ ಯಾವುದು ಗೊತ್ತಾಗುತ್ತದೆ. 5.1 ಇದ್ದರೂ ಸಿ, 9.9 ಇದ್ದರೂ ಸಿ.

ರಮೇಶ ಚಿಕ್ಕಪ್ಪ: ಅಂದರೆ ನಾನು ಹಾಕಿದ್ದು ಸುಳ್ಳು ಅಂತೀಯಾ?

ನಾನು: ಮೊಮ್ಮಗನ ಮೇಲಿನ ಪ್ರೀತಿಯಿಂದ ಹಾಕಿದ್ದೀರಿ ಚಿಕ್ಕಪ್ಪ, ಅದು ನನಗೆ ಗೊತ್ತು. ಆ ಸೂಟ್‌ಕೇಸ್ ಸಾಲು ಮಾತ್ರ ಅಪಾಯದ್ದು. ಬೇರೆ ಎಲ್ಲಾದರೂ ಕಳಿಸಿದ್ದೀರಾ?

ರಮೇಶ ಚಿಕ್ಕಪ್ಪ: ಅಪಾರ್ಟ್‌ಮೆಂಟ್ ಗುಂಪಿಗೆ.

ದೊಡ್ಡಪ್ಪ: ನಾನು ಮೊದಲೇ ಹೇಳಿದ್ದೆ.

ನಾನು: ದೊಡ್ಡಪ್ಪ, ಈಗ ಅದು ಬೇಡ. ಚಿಕ್ಕಪ್ಪ, ಅಲ್ಲಿ ಮಕ್ಕಳಿರುವ ಮನೆ ಎಷ್ಟೋ ಇವೆ, ವಿದೇಶದಿಂದ ಬರುವವರೂ ಇದ್ದಾರೆ. ಇವತ್ತೇ ಅಳಿಸಿ. ಅಳಿಸಿದರಷ್ಟೇ ಸಾಲದು, ವಿಮಾನದಲ್ಲಿ ತರುವ ಹಾಗಿಲ್ಲ ಎಂದು ಒಂದು ಸಾಲು ಬರೆಯಿರಿ.

ಆದಿ: ಅಕ್ಕ, ಹಾಗಾದರೆ ನನ್ನ ರಾಕೆಟ್ ಹಾರಲ್ವಾ?

ಈ ಒಂದು ಸಾಲಿಗಾಗಿ ಇಡೀ ಗುಂಪು ಐದು ನಿಮಿಷ ಸುಮ್ಮನಿರಬೇಕಿತ್ತು ಎಂದು ನನಗನ್ನಿಸಿತು. ಮದ್ದಿಲ್ಲದೆ ಕಲಿಯುವುದು ಬೇಕಾದಷ್ಟಿದೆ.

ನಾನು: ಹಾರುತ್ತದೆ ಪುಟ್ಟ. ಓಪನ್‌ರಾಕೆಟ್ ಅಂತ ಉಚಿತ ತಂತ್ರಾಂಶ ಇದೆ. ನಿನ್ನ ರಾಕೆಟ್‌ನ ಉದ್ದ, ತೂಕ, ರೆಕ್ಕೆ ಹಾಕಿ ಎಲ್ಲ ಕಂಪನಿಯ ಮೋಟಾರನ್ನೂ ಕಂಪ್ಯೂಟರಿನಲ್ಲೇ ಹಾರಿಸಿ ನೋಡು. ನಿಜಕ್ಕೂ ಹಾರಿಸಲು ನೀರಿನ ರಾಕೆಟ್ ಮಾಡೋಣ. ಕೋಲಾದಂಥ ಗ್ಯಾಸ್ ಇರುವ ಪಾನೀಯದ ಬಾಟಲಿಯೇ ಬೇಕು. ಕುಡಿಯುವ ನೀರಿನ ಬಾಟಲಿ ತೆಳು, ಒಡೆಯಬಹುದು. ಮೂರನೇ ಒಂದು ಭಾಗ ನೀರು, ಸೈಕಲ್ ಪಂಪು, ಉದ್ದನೆಯ ಪೈಪು. ಒತ್ತಡ ತುಂಬಿದ ಮೇಲೆ ಯಾರೂ ಹತ್ತಿರ ಹೋಗಬಾರದು, ಮೇಲೆ ಬಗ್ಗಿ ನೋಡಬಾರದು. 30 ಮೀಟರ್ ದೂರದಲ್ಲಿ ಕೋನಮಾಪಕ ಹಿಡಿದು ನಿಲ್ಲು. ರಾಕೆಟ್ ಅತಿ ಎತ್ತರಕ್ಕೆ ಹೋದಾಗ ಕೋನ 45 ಡಿಗ್ರಿ ಇದ್ದರೆ ಎತ್ತರವೂ ಸುಮಾರು 30 ಮೀಟರ್.

ಪ್ರಶಾಂತ: ನಾನು ಬಂದಾಗ ಹೆಚ್ಚು ಒತ್ತಡ ತಡೆಯುವ ಹಾಗೆ ಲಾಂಚರ್ ಮಾಡಿಕೊಡುತ್ತೇನೆ. ಪೈಪ್ ಎಲ್ಲ ಅಲ್ಲೇ ಸಿಗುತ್ತದೆ.

ಪದ್ಮ ಅತ್ತೆ: ಹಾಗಾದರೆ ಸೂಟ್‌ಕೇಸಿನಲ್ಲಿ ಜಾಗ ಆಯಿತು.

ಸಂಜೆ ಚಿಕ್ಕಪ್ಪ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಬರೆದ ಸಾಲಿನ ಚಿತ್ರ ನನಗೊಬ್ಬಳಿಗೆ ಕಳಿಸಿದರು. ಮನೆ ಗುಂಪಿಗೆ ಹಾಕಲಿಲ್ಲ. ದೊಡ್ಡಪ್ಪ ಇನ್ನೂ ಬಾಟಲಿ ವಾಲಿರಲಿಲ್ಲ ಎಂದೇ ವಾದಿಸುತ್ತಿದ್ದಾರೆ. ಆದಿ ಅಡುಗೆಮನೆಯ ತಕ್ಕಡಿಯಲ್ಲಿ ರಾಕೆಟ್ ತೂಗಿ, ತೂಕದ ಫೋಟೊ ಹಾಕಿ, ಪ್ಯಾರಾಚೂಟ್ ಸೇರಿಸಿ ತೂಗಬೇಕಾ ಬಿಟ್ಟು ತೂಗಬೇಕಾ ಎಂದು ಕೇಳಿದ್ದಾನೆ. ಸೇರಿಸಿಯೇ ತೂಗು ಎಂದು ಬರೆದೆ.